ಡಬ್ಬಿ ನೋಡದೆ ಚೀಟಿ ಬರೆಯಬೇಡಿ

ಕಳೆದ ವರ್ಷ ಮೇ ತಿಂಗಳಲ್ಲಿ ನಾವು ವಿಜಯನಗರದ ಬಾಡಿಗೆ ಮನೆ ಬಿಟ್ಟು ನಾಗರಬಾವಿಗೆ ಬಂದೆವು. ಹಳೆಯ ಮನೆಯಲ್ಲಿ ಒಂಬತ್ತು ವರ್ಷ ಇದ್ದೆವು. ಸಾಮಾನು ಸಾಗಿಸುವವರು ಅಡುಗೆಮನೆಗೆಂದು ಎಂಟು ರಟ್ಟಿನ ಪೆಟ್ಟಿಗೆ ತಂದಿದ್ದರು. ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿ ಮುಗಿಸುವ ಹೊತ್ತಿಗೆ ಪೆಟ್ಟಿಗೆ ಹತ್ತೊಂಬತ್ತಾಯಿತು. ಅವರಲ್ಲಿ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತಾ, ‘ಮೇಡಂ, ಮನೇಲಿ ಎಷ್ಟು ಜನ?’ ಎಂದು ಕೇಳಿದರು. ‘ನಾಲ್ಕು’ ಎಂದೆ. ಅವರು ಮರುಮಾತಾಡದೆ ಇನ್ನೊಂದು ಪೆಟ್ಟಿಗೆಗೆ ಟೇಪು ಸುತ್ತತೊಡಗಿದರು. ಆ ಮೌನ ನನ್ನನ್ನು ಬಹಳ ದಿನ ಬಿಡಲಿಲ್ಲ.

ಹೊಸ ಮನೆಯ ಅಡುಗೆಮನೆ ಚಿಕ್ಕದು. ಹತ್ತೊಂಬತ್ತು ಪೆಟ್ಟಿಗೆಯನ್ನೂ ಬಿಚ್ಚಿಡಲು ಜಾಗವಿರಲಿಲ್ಲ. ಹಾಗಾಗಿ ಒಂದೊಂದನ್ನೇ ತೆರೆದು, ಒಳಗಿದ್ದದ್ದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಜೀರಿಗೆ ನಾಲ್ಕು ಪೊಟ್ಟಣ, ಅದರಲ್ಲಿ ಮೂರು ಅರ್ಧ ಬಳಸಿದ್ದು. ಅಕ್ಕಿಹಿಟ್ಟು ಮೂರು, ಎರಡಕ್ಕೆ ಹುಳು ಬಿದ್ದಿತ್ತು. ಶಾವಿಗೆ ಐದು. ನೆಲ ಒರೆಸುವ ದ್ರವ ಆರು ಬಾಟಲಿ. ಕೈತೊಳೆಯುವ ಸೋಪಿನ ರೀಫಿಲ್ ಏಳು. ಒಂದೇ ಸಲ ಬಳಸಿದ ಚಿಯಾ ಬೀಜ. ಎರಡು ಸಲ ಬಳಸಿದ ಏರ್ ಫ್ರೈಯರ್. ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿಗಳೇ 31. ಬಳಸದೆ ಬಿದ್ದಿದ್ದ, ಬೇಕಿಲ್ಲದೆ ತಂದಿದ್ದ ವಸ್ತುಗಳ ಎದುರಿಗೆ ನೆನಪಿದ್ದಷ್ಟು ಬೆಲೆ ಬರೆದು ಕೂಡಿದರೆ ₹23,400 ಆಯಿತು. ಹುಳು ಹಿಡಿದು, ಅವಧಿ ಮೀರಿ ಕಸಕ್ಕೆ ಹೋದದ್ದೇ ₹2,150.

ನಾನೂ ನನ್ನ ಗಂಡನೂ ಇಬ್ಬರೂ ದುಡಿಯುತ್ತೇವೆ. ಆದರೂ ತಿಂಗಳ 25ನೇ ತಾರೀಕು ಬಂತೆಂದರೆ ಖಾತೆ ಬರಿದಾಗಿರುತ್ತಿತ್ತು. ಬಾಡಿಗೆ ಜಾಸ್ತಿ, ಶಾಲೆಯ ಫೀಸು ಜಾಸ್ತಿ, ಕಾಲವೇ ದುಬಾರಿ ಎಂದು ಮಾತಾಡಿಕೊಳ್ಳುತ್ತಿದ್ದೆವು. ಅವೆಲ್ಲ ನಿಜವೇ. ಆದರೆ ಬಾಡಿಗೆ ಕಡಿಮೆ ಮಾಡುವುದು ನಮ್ಮ ಕೈಯಲ್ಲಿರಲಿಲ್ಲ. ಆ ಪೆಟ್ಟಿಗೆಗಳಲ್ಲಿದ್ದದ್ದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇತ್ತು.

ಗೃಹಪ್ರವೇಶದ ಹಾಲುಕ್ಕಿಸಲು ಅರಸೀಕೆರೆಯಿಂದ ಬಂದ ಅತ್ತೆ ನನ್ನ ನೋಟ್‌ಬುಕ್ ನೋಡಿದರು. ಬೈಯಲಿಲ್ಲ. ‘ನಮ್ಮ ಕಾಲ’ ಎಂದು ಶುರು ಮಾಡಲೂ ಇಲ್ಲ. ‘ಡಬ್ಬಿ ನೋಡ್ದೆ ಚೀಟಿ ಬರೀಬಾರ್ದು ಕಣಮ್ಮ’ ಎಂದರು, ಅಷ್ಟೆ. ಮೂವತ್ತು ವರ್ಷ ಅವರು ಪ್ರತಿ ತಿಂಗಳು ಶೆಟ್ಟರ ಅಂಗಡಿಗೆ ಸಾಮಾನಿನ ಚೀಟಿ ಕಳಿಸಿದವರು. ಚೀಟಿ ಬರೆಯುವ ದಿನ ಬೆಳಿಗ್ಗೆ ತೊಗರಿಬೇಳೆಯ ಡಬ್ಬಿಯಿಂದ ಹಿಡಿದು ಇಂಗಿನ ಭರಣಿಯವರೆಗೆ ಎಲ್ಲವನ್ನೂ ತೆರೆದು, ಅಲ್ಲಾಡಿಸಿ, ಪಾವಿನಲ್ಲಿ ಅಳೆದು, ಕಡಿಮೆ ಬಿದ್ದಷ್ಟನ್ನೇ ಬರೆಯುತ್ತಿದ್ದರಂತೆ.

ಅತ್ತೆಯ ಆ ಒಂದು ಮಾತಿನಲ್ಲಿ ನನ್ನ ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ಬೇಡದ ವಸ್ತು ಕೊಳ್ಳುವುದು ಆಸೆಯಿಂದ ಎಂದು ನಾವು ತಿಳಿಯುತ್ತೇವೆ. ನನ್ನ ಪಟ್ಟಿಯಲ್ಲಿ ಆಸೆಯಿಂದ ಕೊಂಡದ್ದು ಕೆಲವೇ ಕೆಲವು. ಬಹುಪಾಲು ಮನೆಯಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಕೊಂಡದ್ದು. ನಾಲ್ಕು ಪೊಟ್ಟಣ ಜೀರಿಗೆಗೆ ಯಾರೂ ಆಸೆಪಡುವುದಿಲ್ಲ.

ಆ ರಾತ್ರಿ ಗಂಡ ಮತ್ತು ನಾನು ಫೋನಿನಲ್ಲಿ ಹಿಂದಿನ ಹನ್ನೆರಡು ತಿಂಗಳ ಆರ್ಡರುಗಳನ್ನು ತೆಗೆದು ನೋಡಿದೆವು. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಿಂದಲೇ 212 ಸಲ ತರಿಸಿದ್ದೆವು, ಅಂದರೆ ವಾರಕ್ಕೆ ನಾಲ್ಕು ಸಲ. ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರಿನ ಶುಲ್ಕ ಎಲ್ಲ ಸೇರಿ ಸರಾಸರಿ ಒಂದು ಸಲಕ್ಕೆ ₹18. ವರ್ಷಕ್ಕೆ ₹3,800 ಬರೀ ಶುಲ್ಕಕ್ಕೇ ಹೋಗಿತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದಾಗ, ಡೆಲಿವರಿ ಉಚಿತವಾಗಲಿ ಎಂದು ಬಿಸ್ಕತ್ತು, ಚಿಪ್ಸು, ಜ್ಯೂಸು ಸೇರಿಸಿ ಮೊತ್ತ ತುಂಬಿಸಿದ್ದೆವು. ಇಪ್ಪತ್ತು ರೂಪಾಯಿ ಶುಲ್ಕ ಉಳಿಸಲು ನೂರೈವತ್ತು ರೂಪಾಯಿಯ ಸಾಮಾನು ಕೊಂಡ ಉದಾಹರಣೆಗಳು ಎಷ್ಟೋ ಸಿಕ್ಕವು.

ಅಂಗಡಿಗೆ ನಡೆದು ಹೋಗಬೇಕಿದ್ದಾಗ ಚೀಟಿ ಬರೆಯುವುದು ಅನಿವಾರ್ಯವಾಗಿತ್ತು. ಚೀಟಿ ಬರೆಯಲು ಡಬ್ಬಿ ನೋಡಲೇಬೇಕಿತ್ತು. ಫೋನು ಕೈಗೆ ಬಂದ ಮೇಲೆ ಸೋಫಾದಲ್ಲಿ ಕೂತಲ್ಲೇ ಕೊಳ್ಳುತ್ತೇವೆ. ಎದ್ದು ಒಳಗೆ ಹೋಗಿ ನೋಡುವ ಆ ಎರಡು ನಿಮಿಷ ನಮ್ಮ ಬದುಕಿನಿಂದ ಜಾರಿಹೋಗಿದೆ. ಹಣ ಸೋರುತ್ತಿರುವುದು ಆ ಎರಡು ನಿಮಿಷದಲ್ಲೇ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರಗಳಲ್ಲಿ ಒಟ್ಟು ಖರ್ಚಿನ ಸುಮಾರು 40% ಆಹಾರಕ್ಕೆ ಹೋಗುತ್ತದೆ. ಅದರೊಳಗೆ ಅತಿ ದೊಡ್ಡ ಪಾಲು ಹಾಲಿನದ್ದಲ್ಲ, ತರಕಾರಿಯದ್ದಲ್ಲ, ಅಕ್ಕಿ-ಗೋಧಿಯದ್ದಂತೂ ಅಲ್ಲ. ಪಾನೀಯ, ತಿಂಡಿ ಮತ್ತು ಸಿದ್ಧ ಆಹಾರಗಳದ್ದು. ಒಟ್ಟು ಖರ್ಚಿನ ಸುಮಾರು 11%. ನಮ್ಮ ಲೆಕ್ಕ ನೋಡಿದಾಗಲೂ ಅದೇ ಸಾಲು ಎಲ್ಲಕ್ಕಿಂತ ಉದ್ದವಿತ್ತು.

ಮುಂದಿನ ತಿಂಗಳಿಂದ ಮನೆಯಲ್ಲಿ ಬದಲಾವಣೆ ಶುರುವಾಯಿತು. ಮೊದಲನೆಯದು ಚೀಟಿ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಮಗಳು ಡಬ್ಬಿ ತೆರೆಯುತ್ತಾಳೆ, ನಾನು ಬರೆಯುತ್ತೇನೆ. ಫ್ರಿಜ್ಜಿನ ಬಾಗಿಲಿಗೆ ಇನ್ನೊಂದು ಹಾಳೆ ಅಂಟಿಸಿದ್ದೇವೆ. ಯಾವುದಾದರೂ ಮುಗಿಯಿತೆಂದರೆ ಮುಗಿಸಿದವರೇ ಅದರಲ್ಲಿ ಬರೆಯಬೇಕು. ವಾರಕ್ಕೊಂದು ಸಲ, ಶನಿವಾರ ಸಂಜೆ, ಆ ಹಾಳೆ ಹಿಡಿದು ಒಬ್ಬರು ಅಂಗಡಿಗೆ ಹೋಗುತ್ತೇವೆ. ಹಾಳೆಯಲ್ಲಿ ಇಲ್ಲದ್ದನ್ನು ತರುವುದಿಲ್ಲ. ಮಧ್ಯೆ ಕೊತ್ತಂಬರಿ ಮುಗಿದರೆ ಆ ದಿನದ ಸಾರಿಗೆ ಕರಿಬೇವೇ ಸಾಕು. ಆರ್ಡರು ವಾರಕ್ಕೆ ನಾಲ್ಕರಿಂದ ತಿಂಗಳಿಗೆ ಒಂದೆರಡಕ್ಕೆ ಇಳಿಯಿತು.

ಎರಡನೆಯದು ದೋಸೆಹಿಟ್ಟು. ವಾರಕ್ಕೆ ಎರಡು ಕೆ.ಜಿ. ಪ್ಯಾಕೆಟ್ ಹಿಟ್ಟು ತರುತ್ತಿದ್ದೆವು, ಕೆ.ಜಿ.ಗೆ ₹80. ಮನೆಯಲ್ಲಿ ಗ್ರೈಂಡರ್ ಇತ್ತು. ಸುಮಾರು 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದಿನಬೇಳೆ, ಒಂದಿಷ್ಟು ಮೆಂತ್ಯ ನೆನೆಹಾಕಿ ರುಬ್ಬಿದರೆ ಒಂದು ಕೆ.ಜಿ. ಹಿಟ್ಟಿಗೆ ಬೀಳುವ ಖರ್ಚು ಹೆಚ್ಚೆಂದರೆ ₹30. ಭಾನುವಾರ ಒಂದೇ ಸಲ ರುಬ್ಬಿಟ್ಟರೆ ವಾರ ಕಳೆಯುತ್ತದೆ. ಸಾರಿನ ಪುಡಿ, ಹುಳಿಪುಡಿಯೂ ಹಾಗೆಯೇ. ಬ್ಯಾಡಗಿ ಮೆಣಸಿನಕಾಯಿಯ ಹೊಸ ಬೆಳೆ ಮಾರುಕಟ್ಟೆಗೆ ಬರುವುದು ಬೇಸಿಗೆಯ ಹೊತ್ತಿಗೆ. ಆಗ ಒಂದು ಕೆ.ಜಿ. ತಂದು, ಧನಿಯಾ ಜತೆ ತಾರಸಿಯ ಮೇಲೆ ಒಣಗಿಸಿ, ಹುರಿದು, ಗಿರಣಿಯಲ್ಲಿ ಪುಡಿ ಮಾಡಿಸಿದರೆ ಆರು ತಿಂಗಳು ಯೋಚನೆಯಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕೆಲಸವೆಲ್ಲ ಮನೆಯ ಒಬ್ಬ ಹೆಂಗಸಿನ ತಲೆಯ ಮೇಲೆ ಬೀಳುವುದಾದರೆ ಅದು ಉಳಿತಾಯವಲ್ಲ, ಖರ್ಚನ್ನು ಅವಳ ಬೆನ್ನಿಗೆ ವರ್ಗಾಯಿಸಿದಂತೆ. ನಮ್ಮಲ್ಲಿ ರುಬ್ಬುವುದು ಗಂಡನ ಕೆಲಸ. ಆಫೀಸಿನಲ್ಲಿ ಕೆಲಸ ಜಾಸ್ತಿಯಿರುವ ವಾರ ಪ್ಯಾಕೆಟ್ ಹಿಟ್ಟನ್ನೇ ತರುತ್ತೇವೆ.

ಮೂರನೆಯದು ಶುಚಿಗೊಳಿಸುವ ಬಾಟಲಿಗಳು. ನೆಲಕ್ಕೊಂದು, ಗಾಜಿಗೊಂದು, ಸಿಂಕಿಗೊಂದು, ಟೈಲ್ಸಿಗೊಂದು, ಒಲೆಕಟ್ಟೆಗೊಂದು ಇತ್ತು. ಈಗ ಪಾತ್ರೆ ತೊಳೆಯುವ ಸೋಪು, ಅಡುಗೆ ಸೋಡಾ, ನೆಲ ಒರೆಸುವುದೊಂದು, ಕಕ್ಕಸು ತೊಳೆಯುವುದೊಂದು, ಇಷ್ಟರಲ್ಲೇ ಸಾಗುತ್ತಿದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ನಲ್ಲಿಯ ಮೇಲೆ ಕಟ್ಟುವ ಬಿಳಿ ಪದರ ಸುಣ್ಣದ ಅಂಶ. ಹಿಂಡಿದ ನಿಂಬೆಹೋಳು ಉಜ್ಜಿ ಹತ್ತು ನಿಮಿಷ ಬಿಟ್ಟರೆ ಹುಳಿಗೆ ಅದು ಕರಗುತ್ತದೆ. ಟಿಶ್ಯೂ ಸುರುಳಿಯ ಜಾಗಕ್ಕೆ ಹಳೆಯ ಪಂಚೆಯ ತುಂಡುಗಳು ಬಂದಿವೆ. ಒಂದು ಎಚ್ಚರಿಕೆ: ಉಳಿಸುವ ಉತ್ಸಾಹದಲ್ಲಿ ಎರಡು ಬಾಟಲಿ ಬೆರೆಸಬೇಡಿ. ಆ್ಯಸಿಡ್ ಇರುವ ಕಕ್ಕಸಿನ ದ್ರವಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ನಾಲ್ಕನೆಯದು ಯಂತ್ರಗಳು. ಏರ್ ಫ್ರೈಯರನ್ನು ದಸರಾ ಆಫರಿನಲ್ಲಿ, ಬಡ್ಡಿಯಿಲ್ಲದ ಕಂತು ಎಂದು ಕೊಂಡಿದ್ದೆವು. ಆಮೇಲೆ ಕಾರ್ಡಿನ ಬಿಲ್ಲು ಓದಿದಾಗ ಪ್ರೊಸೆಸಿಂಗ್ ಶುಲ್ಕವೂ ಅದರ ಮೇಲೆ 18% ಜಿಎಸ್‌ಟಿಯೂ ಕಂಡವು. ಬ್ಯಾಂಕು ಲೆಕ್ಕ ಹಾಕಿದ ಬಡ್ಡಿಯಷ್ಟನ್ನು ಬೆಲೆಯಲ್ಲಿ ರಿಯಾಯಿತಿ ಎಂದು ಕಳೆದಿದ್ದರು, ಆದರೆ ಆ ಬಡ್ಡಿಯ ಮೇಲಿನ ತೆರಿಗೆ ನಮ್ಮದೇ ಆಗಿತ್ತು. ಈಗ ಯಾವ ಹೊಸ ಯಂತ್ರ ಬೇಕೆನಿಸಿದರೂ ಮೊದಲು ನೆಂಟರಲ್ಲೋ ಪಕ್ಕದ ಮನೆಯಲ್ಲೋ ಎರವಲು ತಂದು ನಾಲ್ಕು ಸಲ ಬಳಸುತ್ತೇವೆ. ನಾಲ್ಕು ಸಲ ಬಳಸುವ ಮನಸ್ಸೇ ಬರದಿದ್ದರೆ ಅದು ನಮಗೆ ಬೇಕಾಗಿಲ್ಲ. ಇದ್ದದ್ದು ಕೆಟ್ಟರೆ ರಿಪೇರಿಯವರ ಹತ್ತಿರ ಹೋಗುತ್ತೇವೆ. ಮಿಕ್ಸಿ ಜಾರು ತಿರುಗದೆ ನಿಂತಾಗ ಹೊಸದನ್ನೇ ಕೊಳ್ಳುವ ಮಾತಾಗಿತ್ತು. ಮೂಲೆಯ ಅಂಗಡಿಯವರು ಕಪ್ಲರ್ ಬದಲಾಯಿಸಿ ₹60 ತೆಗೆದುಕೊಂಡರು. ಅದೇ ಮಿಕ್ಸಿ ಇಂದಿಗೂ ಚಟ್ನಿ ರುಬ್ಬುತ್ತಿದೆ.

ಅಂಗಡಿಯಲ್ಲಿ ಒಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಪೊಟ್ಟಣದ ಮೇಲೆ ಎಂಆರ್‌ಪಿ ಜತೆಗೆ ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೀಳುತ್ತದೆಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಅದನ್ನು ಓದುತ್ತೇನೆ. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆ ಎಷ್ಟೋ ಸಲ ಸುಳ್ಳಾಗುತ್ತದೆ. ನಿಜವಾಗಿ ಅಗ್ಗವಿದ್ದರೂ ಹುಳು ಬೀಳುವ ಮೊದಲು ಮುಗಿಸಲಾಗದಿದ್ದರೆ ಅದು ನಮಗೆ ದುಬಾರಿಯೇ. ಎರಡು ಕೊಂಡರೆ ಒಂದು ಉಚಿತ ಎಂದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಒಂದಾದರೂ ಮನೆಗೆ ಬೇಕಿದೆಯೇ?

ಕಡಿತ ಮಾಡಬಾರದ್ದೂ ಇದೆ. ಹಾಲು, ಹಣ್ಣು, ಸೊಪ್ಪು, ಬೇಳೆಯಲ್ಲಿ ನಾವು ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ. ಮಕ್ಕಳ ಪುಸ್ತಕಕ್ಕೆ ಕೈ ಹಾಕಲಿಲ್ಲ. ಮನೆಕೆಲಸಕ್ಕೆ ಬರುವ ಅಕ್ಕನ ಸಂಬಳಕ್ಕೂ ದಸರಾ ಬೋನಸ್ಸಿಗೂ ಕೈ ಹಾಕಲಿಲ್ಲ. ತಳ್ಳುಗಾಡಿಯ ತರಕಾರಿ ಅಜ್ಜಿಯ ಜತೆ ಎರಡು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಿಲ್ಲಿಸಿಯೇಬಿಟ್ಟೆ. ಆ್ಯಪ್‌ಗೆ ಕೇಳಿದಷ್ಟು ಶುಲ್ಕ ಕೊಟ್ಟು, ಬಿಸಿಲಲ್ಲಿ ನಿಂತವರ ಹತ್ತಿರ ಉಳಿಸಲು ಹೊರಡುವುದು ಅನ್ಯಾಯ. ನಮ್ಮ ಉಳಿತಾಯ ನಮ್ಮ ಪೋಲಿನಿಂದ ಬರಬೇಕೇ ಹೊರತು ಇನ್ನೊಬ್ಬರ ಅನ್ನದಿಂದಲ್ಲ.

ಮೂರು ತಿಂಗಳಾದ ಮೇಲೆ ಲೆಕ್ಕ ಹಾಕಿದೆವು. ಆ್ಯಪ್ ಶುಲ್ಕ ಮತ್ತು ಅದರ ನೆಪದಲ್ಲಿ ಬರುತ್ತಿದ್ದ ಸಾಮಾನು ನಿಂತು ₹1,200, ಬೇಕರಿ ತಿಂಡಿ ಮತ್ತು ಜ್ಯೂಸಿನಲ್ಲಿ ₹1,100, ಯಂತ್ರ, ಡಬ್ಬಿ, ಬೆಡ್‌ಶೀಟು ಎಂದು ಆಫರಿನಲ್ಲಿ ಕೊಳ್ಳುತ್ತಿದ್ದದ್ದರಲ್ಲಿ ₹1,000, ಬಾಟಲಿ ಮತ್ತು ಟಿಶ್ಯೂಗಳಲ್ಲಿ ₹600, ಹಿಟ್ಟು-ಪುಡಿಗಳಲ್ಲಿ ₹500. ಒಟ್ಟು ತಿಂಗಳಿಗೆ ₹4,400. ₹21,000 ಇದ್ದ ಮನೆಖರ್ಚು ₹16,600ಕ್ಕೆ ಇಳಿದಿತ್ತು. ಊಟದಲ್ಲಿ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ಆದರೆ ಆ ಮೂರು ತಿಂಗಳೂ 25ನೇ ತಾರೀಕಿಗೆ ಖಾತೆ ಮೊದಲಿನಂತೆಯೇ ಬರಿದಾಗಿತ್ತು! ಉಳಿದ ಹಣ ಹೋಟೆಲ್ಲು, ಬಟ್ಟೆ ಎಂದು ಬೇರೆ ದಾರಿ ಹಿಡಿದು ಹೋಗಿತ್ತು. ಖರ್ಚು ಮಾಡದಿರುವುದೇ ಉಳಿತಾಯ ಎಂದು ತಿಳಿದದ್ದು ನಮ್ಮ ತಪ್ಪು. ಉಳಿದದ್ದನ್ನು ಎತ್ತಿ ಬೇರೆ ಕಡೆ ಇಟ್ಟಾಗಲೇ ಅದು ಉಳಿತಾಯ. ನಾಲ್ಕನೆಯ ತಿಂಗಳು ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆದೆವು. ತಿಂಗಳಿಗೆ ₹100ರಿಂದಲೂ ಅದನ್ನು ಶುರು ಮಾಡಬಹುದು. ನಮ್ಮದು ₹3,000. ನಾವು ತೆರೆದಾಗ ಬಡ್ಡಿ 6.7%. ಸಣ್ಣ ಉಳಿತಾಯದ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ಆರ್‌ಡಿಗೆ ಖಾತೆ ತೆರೆದ ದಿನದ ದರವೇ ಕೊನೆಯವರೆಗೂ ಇರುತ್ತದೆ. 60 ಕಂತಿನಲ್ಲಿ ನಾವು ಕಟ್ಟುವುದು ₹1,80,000, ಕೈಗೆ ಬರುವುದು ಸುಮಾರು ₹2,14,000. ಬಡ್ಡಿಗೆ ಆದಾಯ ತೆರಿಗೆ ಇದೆ ಎನ್ನುವುದು ನೆನಪಿರಲಿ. ಮಿಕ್ಕ ₹1,400 ಹಬ್ಬಕ್ಕೆ, ರಿಪೇರಿಗೆ ಎಂದು ಬೇರೊಂದು ಖಾತೆಯಲ್ಲಿದೆ. ಕಂತು ಹೋಗುವುದು ಸಂಬಳ ಬಂದ ವಾರದಲ್ಲೇ, ಮನೆಖರ್ಚಿಗೆ ಮುಂಚೆ.

ಮಗಳು ಈಗ ಹತ್ತನೆಯ ತರಗತಿ. ಆರ್‌ಡಿ ಮುಗಿಯುವ ಹೊತ್ತಿಗೆ ಅವಳು ಡಿಗ್ರಿಯಲ್ಲಿರುತ್ತಾಳೆ. ಅಟ್ಟದ ಮೇಲೆ ಧೂಳು ಹಿಡಿಯಬೇಕಿದ್ದ ಹಣ ಅವಳ ಫೀಸಾಗಲಿದೆ.

ಓದುಗರಲ್ಲಿ ನನ್ನದೊಂದೇ ಬಿನ್ನಹ. ಬಜೆಟ್ಟು, ಆ್ಯಪ್ಪು, ಕೋಷ್ಟಕ ಯಾವುದೂ ಸದ್ಯಕ್ಕೆ ಬೇಡ. ಈ ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯವರನ್ನೆಲ್ಲ ಅಡುಗೆಮನೆಗೆ ಕರೆಯಿರಿ. ಒಂದೊಂದೇ ಡಬ್ಬಿ ತೆರೆದು ನೋಡಿ, ಇರುವುದನ್ನು ಬರೆದುಕೊಳ್ಳಿ. ಆಮೇಲಷ್ಟೇ ಚೀಟಿ ಬರೆಯಿರಿ.