ಛಾಯಾಚಿತ್ರವೆಂಬ ಆಕರ: ಶಾರ್ಪ್‌ವಿಲ್‌ನಿಂದ ರಮಾಬಾಯಿ ನಗರದವರೆಗೆ

ಹಸ್ತಪ್ರತಿಯೊಂದು ಕೈಗೆ ಬಂದಾಗ ಗ್ರಂಥಸಂಪಾದಕನು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ. ಬರೆದವರಾರು? ಯಾರಿಗಾಗಿ? ಯಾವ ಗರಿ ಕಳೆದಿದೆ? ಯಾವುದು ಪ್ರಕ್ಷಿಪ್ತ? ಓಲೆಯ ಮುಂದೆ ಇಷ್ಟು ಎಚ್ಚರ ವಹಿಸುವ ನಾವು ಛಾಯಾಚಿತ್ರದ ಮುಂದೆ ಮಾತ್ರ ಎಲ್ಲವನ್ನೂ ಕಣ್ಣಾರೆ ಕಂಡವರಂತೆ ನಂಬಿಬಿಡುತ್ತೇವೆ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಪ್ರತಿಭಟಿಸಿದವರನ್ನು ಪೊಲೀಸರು ಎದುರಿಸಿದ ರೀತಿಗೆ ಆಧಾರವಾಗಿ ಉಳಿದಿರುವ ಚಿತ್ರಗಳು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತವೆ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ, ಕರಿಯರು ಸದಾ ಪಾಸು ಹೊತ್ತು ತಿರುಗಬೇಕೆಂಬ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಂತೆ ಸತ್ತವರು 69. ಗುಂಪೇ ಮೇಲೆರಗಿತೆಂಬುದು ಪೊಲೀಸರ ವಾದ. ‘ಡ್ರಮ್’ ಪತ್ರಿಕೆಯ ಇಯಾನ್ ಬೆರ್ರಿ ತೆಗೆದ ಚಿತ್ರಗಳಲ್ಲಿ ಜನ ಪೊಲೀಸರಿಗೆ ಬೆನ್ನು ಮಾಡಿ ಓಡುತ್ತಿದ್ದಾರೆ. ಹುಡುಗನೊಬ್ಬ ಗುಂಡಿಗೆ ತಡೆಯಾದೀತೆಂಬಂತೆ ತನ್ನ ಕೋಟನ್ನು ತಲೆಯ ಮೇಲೆ ಹಿಡಿದಿದ್ದಾನೆ. ಈ ಚಿತ್ರಗಳು ವಿಚಾರಣೆಯಲ್ಲಿ ಸಾಕ್ಷ್ಯವಾದವು. ಅನೇಕರಿಗೆ ಗುಂಡು ತಗುಲಿದ್ದು ಬೆನ್ನಿಗೆ ಎಂಬ ವೈದ್ಯಕೀಯ ಸಾಕ್ಷ್ಯ ಅವಕ್ಕೆ ಟೀಕೆಯಂತೆ ಒದಗಿತು.

ಸೊವೆಟೊದ ಪ್ರಸಂಗ ಭಾಷಾ ವಿದ್ಯಾರ್ಥಿಗಳಾದ ನಮಗೆ ಇನ್ನೂ ಹತ್ತಿರದ್ದು. ಗಣಿತ, ಸಮಾಜಶಾಸ್ತ್ರದಂತಹ ವಿಷಯಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿಯೇ ಕಲಿಯಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ 1976ರ ಜೂನ್ 16ರಂದು ಶಾಲಾಮಕ್ಕಳು ಬೀದಿಗಿಳಿದರು. ‘ದಿ ವರ್ಲ್ಡ್’ ಪತ್ರಿಕೆಯ ಸ್ಯಾಮ್ ನ್ಜಿಮಾ ತೆಗೆದ ಚಿತ್ರದಲ್ಲಿ ಹನ್ನೆರಡರ ಬಾಲಕ ಹೆಕ್ಟರ್ ಪೀಟರ್ಸನ್‌ನನ್ನು ಎಂಬುಯಿಸಾ ಮಖುಬೊ ಎತ್ತಿಕೊಂಡು ಧಾವಿಸುತ್ತಿದ್ದಾನೆ. ಪಕ್ಕದಲ್ಲಿ ಬಾಲಕನ ಅಕ್ಕ ಅಂಗೈ ಚಾಚಿ ಓಡುತ್ತಿದ್ದಾಳೆ. ಈ ಚಿತ್ರದಲ್ಲಿ ಪೊಲೀಸರಿಲ್ಲ ಎಂಬುದನ್ನು ಗಮನಿಸಬೇಕು. ಗುಂಡು ಹಾರಿಸಿದವರು ಚೌಕಟ್ಟಿನ ಹೊರಗಿದ್ದಾರೆ. ಅವರ ಕೃತ್ಯ ಮಾತ್ರ ಒಳಗಿದೆ. ನಮ್ಮ ಆಲಂಕಾರಿಕರು ಇದನ್ನು ಧ್ವನಿಯೆಂದು ಕರೆಯುತ್ತಿದ್ದರೇನೋ. ಆದರೆ ಆ ಮಾತನ್ನು ಇಲ್ಲಿ ಬಳಸಲು ನನಗೆ ಸಂಕೋಚವಾಗುತ್ತದೆ. ನ್ಜಿಮಾ ಫಿಲ್ಮ್ ಸುರುಳಿಯನ್ನು ಕಾಲುಚೀಲದಲ್ಲಿ ಬಚ್ಚಿಟ್ಟು ಉಳಿಸಿದರು. ಮುಂದೆ ಪೊಲೀಸರ ಕಾಟಕ್ಕೆ ಅವರು ನಗರವನ್ನೇ ತೊರೆಯಬೇಕಾಯಿತು. ಮಖುಬೊ ದೇಶಬಿಟ್ಟು ಹೋದವನು ಮರಳಲಿಲ್ಲ. 1985ರ ನವೆಂಬರಿನಲ್ಲಿ, ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ಪ್ರದೇಶಗಳ ಗಲಭೆಗಳನ್ನು ಚಿತ್ರೀಕರಿಸುವುದನ್ನೇ ಸರ್ಕಾರ ನಿಷೇಧಿಸಿತು.

ಪ್ರಭುತ್ವ ಚಿತ್ರವನ್ನು ತಡೆಯುವುದಷ್ಟೇ ಅಲ್ಲ, ತನ್ನ ಪಾಠವನ್ನೂ ಮುಂದಿಡುತ್ತದೆ. ದಿವಾದಿಂದ ವಿದ್ಯಾನಗರಿಗೆ ಹೊರಟ ನಮಗೆ ದಾರಿಯಲ್ಲಿ ಘಾಟಕೋಪರ ಸಿಗುತ್ತದೆ. ಅಲ್ಲಿಯ ರಮಾಬಾಯಿ ನಗರದಲ್ಲಿ 1997ರ ಜುಲೈ 11ರಂದು ಅಂಬೇಡ್ಕರರ ಪ್ರತಿಮೆಗೆ ಚಪ್ಪಲಿಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಮೀಸಲು ಪೊಲೀಸರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಜಾತಿಯೂ ವರ್ಣಭೇದವೂ ಒಂದೇ ಎಂದು ನಾನು ಹೇಳುತ್ತಿಲ್ಲ; ಆದರೆ ಪೊಲೀಸರ ಸಮರ್ಥನೆ ಶಾರ್ಪ್‌ವಿಲ್‌ನದನ್ನೇ ಹೋಲುತ್ತದೆ. ಗುಂಪು ಅನಿಲದ ಟ್ಯಾಂಕರುಗಳಿಗೆ ಬೆಂಕಿಯಿಡಲಿತ್ತು ಎಂದರು. ವಿಡಿಯೊ ಚಿತ್ರವನ್ನು ಆಧಾರವಾಗಿ ತೋರಿಸಿದರು. ನ್ಯಾಯಮೂರ್ತಿ ಗುಂಡೇವಾರ್ ಆಯೋಗ ಈ ವಾದವನ್ನು ಒಪ್ಪಲಿಲ್ಲ, ಗೋಲಿಬಾರು ಅನಗತ್ಯವಾಗಿತ್ತೆಂದಿತು. ಆನಂದ ಪಟವರ್ಧನರ ‘ಜೈ ಭೀಮ್ ಕಾಮ್ರೇಡ್’ ಸಾಕ್ಷ್ಯಚಿತ್ರ 2011ರಲ್ಲಿ ಈ ಘಟನೆಯನ್ನು ಮತ್ತೆ ಚರ್ಚೆಗೆ ತಂದಿತು. ಉರಿಯುವ ವಾಹನದ ದೃಶ್ಯ ಸುಳ್ಳಲ್ಲದಿರಬಹುದು. ಆದರೆ ವಾಹನ ನಿಂತದ್ದೆಲ್ಲಿ, ಗುಂಡು ತಗುಲಿದವರು ನಿಂತಿದ್ದೆಲ್ಲಿ, ಯಾವುದು ಮೊದಲು ನಡೆಯಿತು ಎಂಬುದನ್ನು ತಿಳಿಯಲು ಚಿತ್ರವನ್ನು ಬಿಟ್ಟು ರಸ್ತೆಗಿಳಿಯಬೇಕು, ಅಲ್ಲಿಯ ನಿವಾಸಿಗಳನ್ನು ಕೇಳಬೇಕು.