ಫೈಲಿನ ಹೆಸರು ಬದಲಿಸುವ ಮುನ್ನ

ಗ್ಲೆಂಡೇಲ್ ಹೈಟ್ಸ್‌ನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ನೋಡೋಕೆ ಸಣ್ಣದು: ಹತ್ತಾರು ಜನ ಹಂಚಿಕೊಂಡು ಬಳಸುವ ದತ್ತಾಂಶದ ಫೈಲುಗಳಿಗೆ ಹೆಸರು ಬದಲಿಸೋದು.

ಡಿಎನ್‌ಎ ಓದುವ ಯಂತ್ರಗಳಿಂದ ಸಾಮಾನ್ಯವಾಗಿ ಪ್ರತಿ ಮಾದರಿಗೆ ಎರಡು ಫೈಲು ಬರುತ್ತವೆ. ತುಣುಕಿನ ಒಂದು ತುದಿಯಿಂದ ಓದಿದ್ದು ಆರ್1, ಇನ್ನೊಂದು ತುದಿಯಿಂದ ಓದಿದ್ದು ಆರ್2. ವಿಶ್ಲೇಷಣೆ ಮಾಡುವವರು ಯಾರೂ ಒಂದೊಂದೇ ಹೆಸರು ಟೈಪ್ ಮಾಡುತ್ತಾ ಕೂರೋದಿಲ್ಲ. 'ಅಂಡರ್‌ಸ್ಕೋರ್ ಆರ್1 ಇರುವ ಫೈಲೆಲ್ಲ ತಗೋ' ಅಂತ ಪ್ರೋಗ್ರಾಮಿಗೆ ಒಂದು ನಮೂನೆ ಕೊಟ್ಟುಬಿಡ್ತಾರೆ.

ಈಗ ದತ್ತಾಂಶ ನೋಡಿಕೊಳ್ಳುವವರು ಆರ್ ತೆಗೆದು ಬರೀ 'ಅಂಡರ್‌ಸ್ಕೋರ್ 1' ಮಾಡಿದರು ಅಂದುಕೊಳ್ಳಿ. ಎಲ್ಲ ಫೈಲಿಗೂ ಮಾಡಿದ್ದರೆ ಪ್ರೋಗ್ರಾಮು 'ಫೈಲೇ ಇಲ್ಲ' ಅಂತ ನಿಲ್ಲುತ್ತೆ. ಅದು ಒಳ್ಳೇದೇ! ಭಯ ಇರೋದು ಅರ್ಧಂಬರ್ಧ ಬದಲಾದಾಗ. ಹಳೇ ಹೆಸರಿನ 40 ಮಾದರಿ, ಹೊಸ ಹೆಸರಿನ 20 ಮಾದರಿ ಇದ್ದರೆ ಪ್ರೋಗ್ರಾಮು 40 ತಗೊಂಡು ತೆಪ್ಪಗೆ ಕೆಲಸ ಮುಗಿಸುತ್ತೆ. ಬಿಟ್ಟುಹೋದ ಇಪ್ಪತ್ತರಲ್ಲೇ ರೋಗಿಗಳ ಮಾದರಿ ಹೆಚ್ಚಿದ್ದರೆ? ಉತ್ತರವೇ ಒಂದು ಕಡೆಗೆ ವಾಲಿರುತ್ತೆ, ದೋಷದ ಸಂದೇಶ ಮಾತ್ರ ಒಂದೂ ಇರೋದಿಲ್ಲ. ನಮೂನೆಯನ್ನು ಸಡಿಲ ಮಾಡಿ 'ಅಂಡರ್‌ಸ್ಕೋರ್ 1' ಅಂತ ಹುಡುಕಿದರೆ 10, 11ನೇ ಮಾದರಿಗಳೂ ಬಂದು ಸೇರಿಕೊಳ್ತವೆ.

ಶಿಕಾಗೋದ ಸಿಯರ್ಸ್ ಟವರ್ 2009ರಲ್ಲಿ ವಿಲ್ಲಿಸ್ ಟವರ್ ಆಯ್ತು, ಜನ ಇನ್ನೂ ಸಿಯರ್ಸ್ ಅಂತಾರೆ, ಯಾರಿಗೂ ದಾರಿ ತಪ್ಪೋದಿಲ್ಲ. ಪ್ರೋಗ್ರಾಮಿಗೆ ಆ ಲೋಕಜ್ಞಾನ ಇಲ್ಲ. ನಮ್ಮ ರೈಲ್ವೆಯವರ ರೀತಿ ನನಗೆ ಇಷ್ಟ. 2014ರ ನವೆಂಬರ್ 1ಕ್ಕೆ ಕರ್ನಾಟಕದ 12 ಊರುಗಳ ಹೆಸರು ಬದಲಾಯ್ತು, ಹುಬ್ಳಿ ಹುಬ್ಬಳ್ಳಿಯಾಯ್ತು, ನಿಲ್ದಾಣದ ಸಂಕೇತ ಮಾತ್ರ ಯುಬಿಎಲ್ ಆಗಿಯೇ ಉಳಿಯಿತು.

ಜೀವಶಾಸ್ತ್ರದಲ್ಲೂ ಹೀಗೇ ಒಂದು ಕಥೆ ಇದೆ. ಎಕ್ಸೆಲ್‌ನಲ್ಲಿ ಸೆಪ್ಟ್2 ಅನ್ನುವ ಜೀನಿನ ಹೆಸರು ಹಾಕಿದರೆ ಸೆಪ್ಟೆಂಬರ್ 2 ಆಗಿಬಿಡ್ತಿತ್ತು. ಕೊನೆಗೆ ಜೀನುಗಳಿಗೆ ಹೆಸರಿಡುವ ಹ್ಯೂಗೋ ಸಮಿತಿಯವರು ಅದನ್ನು ಸೆಪ್ಟಿನ್2 ಮಾಡಿದರು. ಆದರೆ ಜೀನಿಗೆ ಕೊಟ್ಟ ಗುರುತಿನ ಸಂಖ್ಯೆ ಬದಲಿಸಲಿಲ್ಲ, ಹಳೇ ಹೆಸರನ್ನೂ 'ಹಿಂದಿನ ಹೆಸರು' ಅಂತ ಪಟ್ಟಿಯಲ್ಲಿ ಉಳಿಸಿಕೊಂಡರು.

ಫೈಲಿಗೂ ಇದನ್ನೇ ಮಾಡಬಹುದು. ಮೂಲ ಫೈಲು ಹಳೇ ಫೋಲ್ಡರಿನಲ್ಲೇ ಇರಲಿ. ಹೊಸ ಫೋಲ್ಡರು ಮಾಡಿ ಅದರಲ್ಲಿ ಹೊಸ ಹೆಸರಿನ ಸಿಂಬಾಲಿಕ್ ಲಿಂಕ್ ಇಡಿ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟರೆ ಸಡಿಲ ನಮೂನೆ ಒಂದೇ ಮಾದರಿಯನ್ನು ಎರಡು ಸಲ ಎಣಿಸುತ್ತೆ, ಅದು ಇನ್ನೊಂದು ರಾಮಾಯಣ. ಜೊತೆಗೆ ಮಾದರಿಯ ಸಂಖ್ಯೆ, ಹಳೇ ಹೆಸರು, ಹೊಸ ಹೆಸರು, ಎಂಡಿ5 ಮೊತ್ತ ಇರುವ ಒಂದು ಪಟ್ಟಿ ಕೊಡಿ. ಎಂಡಿ5 ಲೆಕ್ಕ ಹಾಕೋದು ಫೈಲಿನ ಒಳಗಿರೋದನ್ನ. ಹೆಸರು ಬದಲಾದರೂ ಅದು ಬದಲಾಗೋದಿಲ್ಲ. ಹಳೇ ಹೆಸರು ಯಾವ ತಾರೀಖಿನವರೆಗೆ ಇರುತ್ತೆ ಅಂತಲೂ ಬರೆದುಬಿಡಿ.

ಬಳಸುವವರಿಗೂ ಒಂದು ಸಾಲಿನ ಕೆಲಸ ಇದೆ. ಸಿಕ್ಕ ಫೈಲುಗಳನ್ನು ಪ್ರೋಗ್ರಾಮು ಮೊದಲು ಎಣಿಸಲಿ. ಪಟ್ಟಿಯಲ್ಲಿ 60 ಇದ್ದು ಕೈಗೆ 40 ಸಿಕ್ಕರೆ ಅಲ್ಲೇ ನಿಲ್ಲಲಿ.