ಜೀವಕೋಶಗಳ ಅಳತೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ನಾಡು. ರಾಶಿ ಮುಗಿದ ಮೇಲೆ ತಾಯಂದಿರು ಮೊರದಲ್ಲಿ ಕಾಳು ಹರವಿಕೊಂಡು ಹಸನು ಮಾಡುವುದನ್ನು ನೀವು ನೋಡಿರಬಹುದು. ಗಾತ್ರ, ಆಕಾರ, ಬಣ್ಣ ಇವೇ ಅವರ ಅಳತೆಗೋಲುಗಳು. ವೈದ್ಯಶಾಸ್ತ್ರದಲ್ಲಿಯೂ ಇಂತಹ ಕಾರ್ಯವೊಂದುಂಟು.

ನಮ್ಮ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ದೇಹದ ಬೆಳವಣಿಗೆಯನ್ನೂ ಶಕ್ತಿಯ ಬಳಕೆಯನ್ನೂ ನಿಯಂತ್ರಿಸುವ ರಸವನ್ನು ಅದು ಸ್ರವಿಸುತ್ತದೆ. ಕೆಲವರಲ್ಲಿ ಈ ಗ್ರಂಥಿಯೊಳಗೆ ಗಂಟು ಮೂಡುತ್ತದೆ. ಇಂತಹ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರ. ಕೆಲವು ಮಾತ್ರ ಅರ್ಬುದ. ಹೊರನೋಟಕ್ಕೆ ಎರಡೂ ಒಂದೇ. ಆದುದರಿಂದ ವೈದ್ಯರು ಸಣ್ಣ ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ಈ ಪರೀಕ್ಷೆಯ ಫಲಿತಾಂಶಗಳಿಗೆ 6 ವರ್ಗಗಳನ್ನು ಗೊತ್ತುಪಡಿಸಿದರು. ಅವುಗಳಲ್ಲಿ ನಡುವಿನವು ಅನುಮಾನದ ವರ್ಗಗಳು. ಒಬ್ಬ ತಜ್ಞರು ಸಂದೇಹಪಟ್ಟುದನ್ನು ಇನ್ನೊಬ್ಬರು ಸಹಜವೆಂದಾರು.

ಇಲ್ಲಿ ಗಣಕಯಂತ್ರ ನೆರವಿಗೆ ಬರುತ್ತದೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ತೆಗೆದ ಚಿತ್ರವು ಲಕ್ಷಾಂತರ ಚುಕ್ಕೆಗಳಾಗುತ್ತದೆ. ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಸಂಖ್ಯೆಗಳು ಸೂಚಿಸುತ್ತವೆ. ಆ ಸಂಖ್ಯೆಗಳ ಆಧಾರದಿಂದ ಯಂತ್ರವು ಕೋಶಕೇಂದ್ರದ ಅಂಚನ್ನು ಗುರುತಿಸಿ, ಅದರ ವಿಸ್ತೀರ್ಣ, ಸುತ್ತಳತೆ, ದುಂಡುತನ, ಬಣ್ಣದ ಗಾಢತೆಗಳನ್ನು ಲೆಕ್ಕಹಾಕುತ್ತದೆ. "ಸ್ವಲ್ಪ ದೊಡ್ಡದು" ಎಂಬ ಮಾತು "ಇಷ್ಟು ಚದರ ಮೈಕ್ರಾನ್" ಎಂದಾಗುತ್ತದೆ. ನೂರಾರು ಕೋಶಗಳನ್ನು ಅಳೆದರೂ ಯಂತ್ರಕ್ಕೆ ದಣಿವಿಲ್ಲ. ಚಿತ್ರವನ್ನು ದೂರದ ಊರಿನ ತಜ್ಞರಿಗೂ ಕ್ಷಣದಲ್ಲಿ ಕಳುಹಿಸಬಹುದು.

ಆದರೆ ಈ ಅಳತೆಗೂ ಒಂದು ಎಲ್ಲೆಯುಂಟು. ಫಾಲಿಕ್ಯುಲರ್ ಎಂಬ ಬಗೆಯ ಗಂಟು ತನ್ನ ಹೊದಿಕೆಯನ್ನಾಗಲಿ ರಕ್ತನಾಳವನ್ನಾಗಲಿ ಭೇದಿಸಿದ್ದರೆ ಅರ್ಬುದ, ಇಲ್ಲವಾದರೆ ಅಲ್ಲ. ಒಂದು ಹಿಡಿ ಕಾಳನ್ನು ನೋಡಿ, ಬೆಳೆಯು ಬದುವನ್ನು ದಾಟಿತ್ತೇ ಎಂದು ಹೇಳಲಾದೀತೆ? ಹಾಗೆಯೇ ಬಿಡಿ ಕೋಶಗಳು ಈ ಸಂಗತಿಯನ್ನು ತಿಳಿಸಲಾರವು. ಅದನ್ನು ತಿಳಿಯಲೆಂದೇ ಹಲವರು ಶಸ್ತ್ರಚಿಕಿತ್ಸೆಗೆ ಒಳಗಾಗಿ, ಕೊನೆಗೆ ಅರ್ಬುದವಿರಲಿಲ್ಲವೆಂದು ಕೇಳುತ್ತಾರೆ. ಗ್ರಂಥಿಯನ್ನು ಪೂರ್ತಿ ತೆಗೆದರೆ ಜೀವನಪರ್ಯಂತ ಮಾತ್ರೆ ನುಂಗಬೇಕು. ಸಂದೇಹದ ಗಂಟುಗಳನ್ನು ಮೊದಲೇ ಹಸನಾಗಿ ವಿಂಗಡಿಸಿದಷ್ಟೂ ಇಂತಹ ಅನಗತ್ಯ ಶಸ್ತ್ರಚಿಕಿತ್ಸೆಗಳು ಕಡಿಮೆಯಾಗುತ್ತವೆ. ವಿಜ್ಞಾನಿಗಳ ಶ್ರಮ ಇದಕ್ಕಾಗಿಯೇ.

ಮಕ್ಕಳೇ, ಮನೆಯಲ್ಲಿ ಯಾರ ಕೊರಳಿನಲ್ಲಾದರೂ ಗಂಟು ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸೆರಗಿನ ಮರೆಯಲ್ಲಿ ಉಳಿದ ಗಂಟನ್ನು ಯಾವ ಯಂತ್ರವೂ ಅಳೆಯಲಾರದು.

ಪದಗಳ ಅರ್ಥ
ಅರ್ಬುದ – ಕ್ಯಾನ್ಸರ್. ಮೈಕ್ರಾನ್ – ಮಿಲಿಮೀಟರಿನ 1000ದಲ್ಲಿ ಒಂದು ಪಾಲು. ಬದು – ಹೊಲದ ಗಡಿಯ ದಿಣ್ಣೆ

ಪ್ರಶ್ನೆಗಳು
1. ಗಣಕಯಂತ್ರವು ಕೋಶಕೇಂದ್ರದ ಯಾವ ಯಾವ ಗುಣಗಳನ್ನು ಅಳೆಯುತ್ತದೆ?
2. ಫಾಲಿಕ್ಯುಲರ್ ಗಂಟಿನ ಸ್ವರೂಪವನ್ನು ಬಿಡಿ ಕೋಶಗಳಿಂದ ಏಕೆ ನಿರ್ಣಯಿಸಲಾಗದು?